ಕರ ಕಟ್ಟಿಸಿಕೊಂಡವರು ಒಬ್ಬರು, ಕೆಡವಿದವರು ಇನ್ನೊಬ್ಬರು

ಬೆಟಗೇರಿ: ಅಂಗಡಿಯ ಮೇಲೊಂದು ಮಾಳಿಗೆ ಏರಿಸಬೇಕು ಎನ್ನುವ ವರ್ತಕನಿಗೆ ಉಸುಕು, ಸಿಮೆಂಟು, ಗೌಂಡಿಯ ಪಗಾರ, ಇಷ್ಟೇ ಚಿಂತೆ. ನಗರಸಭೆಯ ಪರವಾನಗಿ ಒಂದು ಕೈಗೆ ಬಂತೆಂದರೆ ಮುಗೀತು ಎಂದು ಆತ ತಿಳಿದಿರುತ್ತಾನೆ. ಆದರೆ ಅಂಗಡಿ ಗದುಗಿನ ತ್ರಿಕೂಟೇಶ್ವರ ಗುಡಿಯ ಸಮೀಪ ಇದ್ದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಲಕ್ಕುಂಡಿಯ ಕಾಶಿವಿಶ್ವನಾಥ, ಡಂಬಳದ ದೊಡ್ಡಬಸಪ್ಪ ಗುಡಿಗಳ ಸುತ್ತಲಿನವರಿಗೂ ಇದೇ ಮಾತು.

ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಜಾಗ. ಅದರಾಚೆಗಿನ 200 ಮೀಟರು ನಿಯಂತ್ರಿತ ಜಾಗ. 1992ರ ಜೂನ್ 16ರ ಅಧಿಸೂಚನೆಯಲ್ಲಿ ಬಂದದ್ದನ್ನು 2010ರ ತಿದ್ದುಪಡಿ ಕಾಯಿದೆ ಇನ್ನಷ್ಟು ಬಿಗಿ ಮಾಡಿತು. ಅಳತೆ ಗುಡಿಯ ಗೋಡೆಯಿಂದಲೇ ಎಂದು ತಿಳಿಯಬಾರದು, ರಕ್ಷಿತ ಜಾಗದ ಗಡಿಯಿಂದ. ಗಡಿ ಎಲ್ಲಿದೆ ಎಂಬುದು ನಕ್ಷೆಯಲ್ಲಿ ಇರುತ್ತದೆ. ನಕ್ಷೆ ಕಚೇರಿಯಲ್ಲಿ ಇರುತ್ತದೆ. ಅಂಗಡಿಕಾರ ಅಂಗಡಿಯಲ್ಲಿ ಇರುತ್ತಾನೆ!

ನಮ್ಮ ಜಾಗಾ, ನಮ್ಮ ರೊಕ್ಕ, ನಡುವೆ ಇವರದೇನ್ರೀ? ಈ ಪ್ರಶ್ನೆ ಏಳುವುದು ಸಹಜ. ಉತ್ತರ ಬೇಕಿದ್ದವರು ಬೆಳಿಗ್ಗೆ ಹೊಸಪೇಟೆ ಬಸ್ಸು ಹತ್ತಬೇಕು. ಮಧ್ಯಾಹ್ನದೊಳಗೆ ಹಂಪಿ.

ಅಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನಲ್ಲಿ, ವಿಜಯನಗರದ ಕಾಲದ ಕಲ್ಲಿನ ಮಂಟಪಗಳಿಗೇ ಗೋಡೆ ಕಟ್ಟಿಕೊಂಡು ಜನ ದಶಕಗಳಿಂದ ಬದುಕಿದ್ದರು. ಚಹಾ, ತೆಂಗಿನಕಾಯಿ, ಬಾಳೆಹಣ್ಣು, ಪ್ರವಾಸಿಗರಿಗೆ ಊಟ. ನಾವು ಪಂಚಾಯತಿಗೆ ಕರ ಕಟ್ಟಿದವರು ಎಂಬುದು ಅವರ ವಾದ. 2011ರ ಜುಲೈ 29ರಂದು ಯಂತ್ರಗಳು ಬಂದವು. ಹೈಕೋರ್ಟಿನ ಆದೇಶ ಎಂದರು, ಕೆಡವಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬ ಬೀದಿಗೆ ಬಂತು. ಸಾಮಾನು ತೆಗೆಯಲು ಒಂದು ದಿನದ ಹೊತ್ತೂ ಸಿಗಲಿಲ್ಲ ಎಂದು ಅಲ್ಲಿಯವರ ದೂರು. ಬದಲಿ ಜಾಗ ತೋರಿಸಿದ್ದು ನಾಲ್ಕು ಕಿಲೋಮೀಟರು ಆಚೆಯ ಕಡ್ಡಿರಾಂಪುರದಲ್ಲಿ. ಗುಡಿಗೆ ಬಂದ ಭಕ್ತ ಕಾಯಿ ಕೊಳ್ಳಲು ಕಡ್ಡಿರಾಂಪುರಕ್ಕೆ ಹೋಗುತ್ತಾನೆಯೇ?

ಮಂಟಪ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಲ್ಲಿನ ಕಂಬಕ್ಕೆ ಮೊಳೆ ಹೊಡೆದು ಶೆಟರು ಕೂಡಿಸುವುದು ಸರಿಯಲ್ಲ. ಆದರೆ ಮೊದಲ ಮೊಳೆ ಹೊಡೆದ ದಿನ ಪಂಚಾಯತಿ ಎಲ್ಲಿತ್ತು?

ಹೊಳೆಯಾಚೆ ವಿರೂಪಾಪುರಗಡ್ಡಿಯಲ್ಲೂ ಇದೇ ಕಥೆ. ರಾಜ್ಯ ಸರಕಾರ 1961ರ ತನ್ನ ಕಾಯಿದೆಯ ಕೆಳಗೆ 1988ರಲ್ಲೇ ಅದನ್ನು ರಕ್ಷಿತ ಪ್ರದೇಶ ಎಂದು ಸಾರಿತ್ತು. ಆಮೇಲೂ ಅಲ್ಲಿ ರೆಸಾರ್ಟುಗಳು ಎದ್ದವು, ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ನಡೆದವು. ಹಂಪಿ ಪ್ರಾಧಿಕಾರದ ನೋಟೀಸು, ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಸುತ್ತಿ, 2020ರ ಫೆಬ್ರುವರಿಯಲ್ಲಿ ತೀರ್ಪು ಬಂತು: ಕೆಡವತಕ್ಕದ್ದು. ಮುಂದಿನ ತಿಂಗಳೇ ಕೆಡವಿಯೂ ಆಯಿತು.

ಹಾಗಾದರೆ ಸರಕಾರ ತಾನು ನಿಯಮ ಪಾಲಿಸಿತೇ? ತಳವಾರಘಟ್ಟದಿಂದ ಆನೆಗೊಂದಿಗೆ ಹೊಳೆ ದಾಟಲು ಸೇತುವೆ ಕಟ್ಟಲು ಹೊರಟದ್ದು ಸರಕಾರವೇ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿಯನ್ನು ಇಂಥ ಸೇತುವೆಗಳ ಕಾರಣದಿಂದಲೇ 1999ರಲ್ಲಿ ಯುನೆಸ್ಕೊ ಅಪಾಯದ ಪಟ್ಟಿಗೆ ಹಾಕಿತು. ಹೊರಬರಲು 2006ರವರೆಗೆ ಕಾಯಬೇಕಾಯಿತು. ಸೇತುವೆಯ ಕೆಲಸ ನಿಂತು, ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಕುಸಿದು ಬಿತ್ತು. ಸತ್ತವರು ಕೂಲಿಕಾರರು.

ಇನ್ನು ನಮ್ಮೂರಿಗೆ ಬರೋಣ. 100 ಮೀಟರಿನೊಳಗೆ ಹೊಸ ಕಟ್ಟಡ ಇಲ್ಲವೇ ಇಲ್ಲ. 1992ರ ಜೂನ್ 16ಕ್ಕಿಂತ ಹಿಂದಿನ ಕಟ್ಟಡವಾದರೆ ದುರಸ್ತಿಗೆ ಅರ್ಜಿ ಹಾಕಬಹುದು. ಆಚೆಯ 200 ಮೀಟರಿನಲ್ಲಿ ಹೊಸ ಕಟ್ಟಡಕ್ಕೂ ಅರ್ಜಿ ಉಂಟು. ಅರ್ಜಿ ಹೋಗಬೇಕಾದ್ದು ನಗರಸಭೆಗಲ್ಲ, ಕಾಯಿದೆ ಹೇಳುವ ಸಕ್ಷಮ ಪ್ರಾಧಿಕಾರಕ್ಕೆ. ಅವರು 15 ದಿನದಲ್ಲಿ ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ದಿಲ್ಲಿಯವರು ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು. ಆಮೇಲೆ ಒಂದು ತಿಂಗಳಲ್ಲಿ ಹೌದು ಅಥವಾ ಅಲ್ಲ. ಒಟ್ಟು ಮೂರೂವರೆ ತಿಂಗಳು, ಕಾಗದದ ಲೆಕ್ಕದಲ್ಲಿ.

ಈ ಕಾಗದ ಇಲ್ಲದೆ ನಗರಸಭೆ ಕೊಟ್ಟ ಪರವಾನಗಿ ಹಿಡಿದು ಪಾಯ ತೋಡಿದವನ ಗತಿ? ನಿಷೇಧಿತ ಜಾಗದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿಯ ಶುಲ್ಕ ಪಡೆಯುವ ಕಿಟಕಿಯಲ್ಲೇ, ನಿಮ್ಮ ಜಾಗ ಗೆರೆಯೊಳಗೆ ಬರುತ್ತದೆ ಎಂದು ಒಂದು ಮಾತು ಹೇಳಿ ಕಳಿಸಿದರೆ ಎಷ್ಟೋ ಪಾಯ ತೋಡುವುದು ತಪ್ಪೀತು. ಅದಕ್ಕೆ ಬೇಕಾದ್ದು ಗೋಡೆಗೆ ತೂಗುಹಾಕಿದ ಒಂದು ನಕ್ಷೆ.

ಕಣ್ಣು ಮುಚ್ಚಿ ಕೂತ ಅಧಿಕಾರಿಗೂ ಅದೇ ಕಾಯಿದೆಯಲ್ಲಿ ಒಂದು ಕಲಮು ಇದೆ, ಮೂರು ವರ್ಷದವರೆಗೆ ಸಜೆ. ಆದರೆ ಕಲಮನ್ನು ಸರಿಯಾಗಿ ಓದಬೇಕು. ಅಲ್ಲಿ ಹೆಸರಿಸಿರುವುದು ಕೇಂದ್ರ ಸರಕಾರದ ಅಧಿಕಾರಿಗಳನ್ನು ಮಾತ್ರ. ನಗರಸಭೆ, ಪಂಚಾಯತಿಯವರ ಸುದ್ದಿ ಅದರಲ್ಲಿಲ್ಲ.