ತಿಥಿಯ ಹಬ್ಬ, ದಿನಾಂಕದ ಹಬ್ಬ

ಪ್ರಪಂಚದ ಯಾವ ದೇಶವನ್ನು ನೋಡಿದರೂ ಅಲ್ಲಿನ ವರ್ಷದಲ್ಲಿ ಎರಡು ಬಗೆಯ ಹಬ್ಬಗಳು ಕಂಡುಬರುತ್ತವೆ. ಒಂದು ಬಗೆಯವು ನೆಲ, ಮಳೆ, ಬೆಳೆಗಳೊಡನೆ ಹುಟ್ಟಿದವು. ಮೊದಲು ಯಾರು ಆಚರಿಸಿದರೆಂಬ ನೆನಪೂ ಉಳಿಯದಷ್ಟು ಹಳೆಯವು. ಇನ್ನೊಂದು ಬಗೆಯವು ಒಂದು ಜನತೆ ಕೈಗೊಂಡ ನಿರ್ಧಾರದ ನೆನಪಾಗಿ, ಇಂಥ ವರ್ಷದಲ್ಲಿ ಎಂದು ಹೇಳಬಹುದಾದ ಕಾಲದಲ್ಲಿ ಹುಟ್ಟಿದವು. ಮೊದಲನೆಯದನ್ನು ಪಂಚಾಂಗ ನೋಡಿ ತಿಳಿಯಬೇಕು. ಎರಡನೆಯದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಯಾಗಿ ನಿಂತಿರುತ್ತದೆ. ಅಂದಿನ ಮೈಸೂರು ರಾಜ್ಯದಲ್ಲಿ 1963ರಲ್ಲಿ ಕೈಗಾರಿಕಾ ಸಂಸ್ಥೆಗಳ ರಜೆಗಳಿಗಾಗಿ ರಚಿತವಾದ ಕಾಯಿದೆಯ ಹೆಸರಿನಲ್ಲಿಯೇ ‘ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು’ ಎಂಬ ಮಾತಿದೆ. ರಾಷ್ಟ್ರದ ದಿನ ಬೇರೆ, ಹಬ್ಬದ ದಿನ ಬೇರೆ ಎಂಬ ತಿಳಿವಳಿಕೆ ಕಾನೂನಿನ ಭಾಷೆಯಲ್ಲಿಯೂ ಸೇರಿಕೊಂಡಿರುವುದನ್ನು ಇಲ್ಲಿ ಗಮನಿಸಬಹುದು. ಈ ಎರಡರ ಸ್ವರೂಪವೇನು, ಒಂದಕ್ಕೊಂದು ಇರುವ ಸಂಬಂಧವೇನು, ಯಾವುದರಿಂದ ಇವು ಬಾಳುತ್ತವೆ, ಯಾವುದರಿಂದ ಬರಿದಾಗುತ್ತವೆ ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ರಾಷ್ಟ್ರೀಯ ದಿನಗಳು ದಿನಾಂಕಕ್ಕೆ ಕಟ್ಟುಬಿದ್ದವು. ಅಮೆರಿಕದ ಜುಲೈ 4, 1776ರ ಸ್ವಾತಂತ್ರ್ಯ ಘೋಷಣೆಯ ನೆನಪು. ಫ್ರಾನ್ಸಿನ ಜುಲೈ 14, 1789ರಲ್ಲಿ ಪ್ಯಾರಿಸಿನ ಜನರು ಬಾಸ್ತೀಯ್ ಸೆರೆಮನೆಗೆ ಮುತ್ತಿಗೆ ಹಾಕಿದ ದಿನ. ಅದು ರಾಷ್ಟ್ರೀಯ ಹಬ್ಬವೆಂದು ಅಂಗೀಕೃತವಾದುದು 1880ರಲ್ಲಿ. ಭಾರತದ ಜನವರಿ 26ಕ್ಕೆ ಎರಡು ನೆನಪುಗಳಿವೆ. 1929ರ ಡಿಸೆಂಬರಿನಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯದ ನಿರ್ಣಯ ಕೈಗೊಂಡ ಮೇಲೆ, 1930ರ ಜನವರಿ 26ರಂದು ದೇಶದಾದ್ಯಂತ ಪ್ರತಿಜ್ಞೆ ಸ್ವೀಕಾರವಾಯಿತು. ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕೃತವಾಗಿದ್ದರೂ, ಆ ಹಳೆಯ ದಿನವನ್ನು ಗೌರವಿಸಬೇಕೆಂದೇ 1950ರ ಜನವರಿ 26ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ನಡೆದುಹೋದ ಒಂದು ಘಟನೆಗೆ ಋತುವಿನ ಹಂಗಿಲ್ಲ. ಆದ್ದರಿಂದ ದಿನಾಂಕವೊಂದೇ ಅದಕ್ಕೆ ಸಾಕು.

ಸಾಂಪ್ರದಾಯಿಕ ಹಬ್ಬಗಳ ಲೆಕ್ಕ ಇಷ್ಟು ಸರಳವಲ್ಲ. ಒಂದು ಅಮಾವಾಸ್ಯೆಯಿಂದ ಮತ್ತೊಂದು ಅಮಾವಾಸ್ಯೆಗೆ ಸರಾಸರಿ 29.53 ದಿನಗಳು. ಇಂಥ 12 ತಿಂಗಳು ಕೂಡಿದರೆ ಸುಮಾರು 354 ದಿನಗಳಾಗುತ್ತವೆ. ಸೂರ್ಯನನ್ನು ಅನುಸರಿಸಿದ ವರ್ಷವೋ 365 ದಿನಗಳಿಗೂ ತುಸು ಹೆಚ್ಚು. ವರ್ಷಕ್ಕೆ 11 ದಿನಗಳಷ್ಟು ಬೀಳುವ ಈ ಅಂತರವನ್ನು ಹಾಗೆಯೇ ಬಿಟ್ಟರೆ ವಸಂತದ ಹಬ್ಬ ಕೆಲವೇ ವರ್ಷಗಳಲ್ಲಿ ಮಾಗಿಯ ಚಳಿಗೆ ಜಾರುತ್ತದೆ. ಅದನ್ನು ತಡೆಯಲು ಸುಮಾರು 32 ತಿಂಗಳಿಗೊಮ್ಮೆ, ಅಂದರೆ 19 ವರ್ಷಗಳಲ್ಲಿ 7 ಬಾರಿ, ಅಧಿಕಮಾಸವನ್ನು ಸೇರಿಸುವ ಕ್ರಮ ಚಾಂದ್ರಮಾನ ಪಂಚಾಂಗದಲ್ಲಿದೆ. ಯುಗಾದಿಯು ಮಾರ್ಚ್, ಏಪ್ರಿಲ್‌ಗಳ ನಡುವೆ ಹಿಂದೆ ಮುಂದೆ ಆದರೂ ಬೇವು ಚಿಗುರುವ ಕಾಲವನ್ನು ಬಿಟ್ಟು ಹೋಗದಿರುವುದಕ್ಕೆ ಇದೇ ಕಾರಣ. ಹಿಜರಿ ಗಣನೆಯಲ್ಲಿ ಅಧಿಕಮಾಸವಿಲ್ಲ. ಆದ್ದರಿಂದ ರಂಜಾನ್ ವರ್ಷವರ್ಷಕ್ಕೆ 10, 11 ದಿನ ಹಿಂದೆ ಸರಿಯುತ್ತಾ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಮ್ಮೆ ಸುತ್ತಿ ಬರುತ್ತದೆ. ಒಂದು ಗಣನೆ ಹಬ್ಬವನ್ನು ಋತುವಿಗೆ ಕಟ್ಟಿದೆ. ಮತ್ತೊಂದು ಗಣನೆ ವ್ರತವನ್ನು ಎಲ್ಲ ಋತುಗಳಿಗೂ ಸಮನಾಗಿ ಹಂಚಿದೆ.

ಈ ಭಿನ್ನ ಗಣನೆಗಳು ಒಂದೇ ನೆಲದಲ್ಲಿ ಕೂಡಿ ಬಾಳಿದ ಕಥೆಯನ್ನು ತಿಳಿಯಲು ಶಿರಾ ಸೀಮೆ ತಕ್ಕ ಸ್ಥಳ. ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕನು ಸ್ಥಾಪಿಸಿದ ಈ ಊರು ಬಿಜಾಪುರದ ಕೈಸೇರಿ, 1687ರ ತರುವಾಯ ಮೊಗಲರ ಸುಬಾ ಒಂದರ ರಾಜಧಾನಿಯಾಯಿತು. ಮುಂದೆ ಹೈದರಾಲಿಯ ವಶವಾಯಿತು. 1651ರ ಮಲಿಕ್ ರೆಹಾನ್ ದರ್ಗಾ, 1696ರ ಜುಮ್ಮಾ ಮಸೀದಿಗಳು ಆ ಕಾಲದ ಸಾಕ್ಷಿಗಳಾಗಿ ನಿಂತಿವೆ. ಧರ್ಮಾಚರಣೆಗೆ ಹಿಜರಿ ವರ್ಷವನ್ನು ಅನುಸರಿಸುತ್ತಿದ್ದ ಮೊಗಲರು ಕಂದಾಯಕ್ಕೆ ಅದನ್ನು ಬಳಸಲಾಗಲಿಲ್ಲ. ಋತುಗಳನ್ನು ಬಿಟ್ಟು ಸರಿಯುವ ವರ್ಷವನ್ನು ಹಿಡಿದರೆ, ಬೆಳೆ ಕೈಗೆ ಬಾರದ ಮುನ್ನವೇ ರೈತನಿಂದ ತೆರಿಗೆ ಕೇಳಬೇಕಾಗುತ್ತಿತ್ತು. ಆ ಕಾರಣದಿಂದ ಅಕ್ಬರನ ಕಾಲದಿಂದ ಸುಗ್ಗಿಗೆ ಹೊಂದಿದ ಫಸಲಿ ವರ್ಷ ಬಳಕೆಗೆ ಬಂದಿತು. ಆ ಮಾತು ಕನ್ನಡ ನಾಡಿನ ಕಂದಾಯದ ಕಡತಗಳಲ್ಲಿಯೂ ನೆಲೆನಿಂತಿತು. ಇಂದು ಬಾಂಗ್ಲಾದೇಶವು ಏಪ್ರಿಲ್ 14ರಂದು ಆಚರಿಸುವ ಪೊಯಿಲಾ ಬೈಶಾಖ್ ಎಂಬ ಹೊಸವರ್ಷದ ಮೂಲವನ್ನೂ ಅಕ್ಬರನ ಇದೇ ಸುಧಾರಣೆಯಲ್ಲಿ ಗುರುತಿಸುವುದು ವಾಡಿಕೆ. 1780ರ ದಶಕದಲ್ಲಿ ಟಿಪ್ಪು ಸುಲ್ತಾನನು ಜಾರಿಗೆ ತಂದ ಮೌಲೂದಿ ಗಣನೆಯು ಚಾಂದ್ರಮಾಸಗಳನ್ನು ಉಳಿಸಿಕೊಂಡು, ಅಧಿಕಮಾಸದ ಮೂಲಕ ಅವನ್ನು ಸೌರವರ್ಷಕ್ಕೆ ಹೊಂದಿಸಿತು. ಅರಸರು ಬದಲಾದರೂ, ನೇಗಿಲ ಕಾಲವನ್ನು ಮೀರಿದ ವರ್ಷವನ್ನು ಈ ನೆಲದ ಮೇಲೆ ನಡೆಸಲು ಯಾರಿಗೂ ಸಾಧ್ಯವಾಗಲಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ರೈತನಿಗೆ ಇನ್ನೂ ಒಂದು ಲೆಕ್ಕ ಬೇಕು. ಅದು ಮಳೆಯ ಲೆಕ್ಕ. ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದನ್ನು ದಾಟಲು 13, 14 ದಿನಗಳು ಬೇಕು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳಿಗೆ ಹೆಸರು ಬಂದುದು ಇದರಿಂದಲೇ. ಇದು ಸೌರ ಗಣನೆಯಾದ್ದರಿಂದ ಆರಿದ್ರಾ ಮಳೆ ಪ್ರತಿವರ್ಷವೂ ಜೂನ್ 22ರ ಆಸುಪಾಸಿನಲ್ಲಿಯೇ ಹೂಡುತ್ತದೆ. ಕಡಲೆಕಾಯಿ ಬಿತ್ತುವ ರೈತನಿಗೆ ತಿಥಿಗಿಂತ ಇದೇ ಮುಖ್ಯ. ಹೀಗೆ ಒಂದೇ ಮನೆಯಲ್ಲಿ ಯುಗಾದಿಗೆ ಚಾಂದ್ರಮಾನ, ಬಿತ್ತನೆಗೆ ಮಳೆ ನಕ್ಷತ್ರ, ಮಕ್ಕಳ ಶಾಲೆಗೆ ಇಂಗ್ಲಿಷ್ ತಾರೀಖು ಏಕಕಾಲದಲ್ಲಿ ನಡೆಯುತ್ತವೆ; ನೆರೆಮನೆಯಲ್ಲಿ ಹಿಜರಿ ನಡೆಯುತ್ತದೆ. ಮೊಹರಂ ಹಬ್ಬವನ್ನು ಬಾಬಯ್ಯನ ಹಬ್ಬವೆಂದು ಕರೆದು ಹಿಂದೂಗಳೂ ಪಾಲ್ಗೊಳ್ಳುವ ರೂಢಿ ಈ ಭಾಗದ ಹಳ್ಳಿಗಳಲ್ಲಿ ಹಿಂದಿನಿಂದ ಬಂದಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಗಣನೆಗಳು ಪರಸ್ಪರ ಹತ್ತಿರವಾದುದನ್ನು ಎಲ್ಲರೂ ಕಂಡಿದ್ದಾರೆ. 2023ರಲ್ಲಿ ಯುಗಾದಿ ಮಾರ್ಚ್ 22ರಂದು, ರಂಜಾನ್ ಹಬ್ಬ ಏಪ್ರಿಲ್ 22ರಂದು ಬಂದಿದ್ದವು. ನಡುವೆ ಒಂದು ತಿಂಗಳ ಅಂತರ. ಆ ವರ್ಷ ಅಧಿಕ ಶ್ರಾವಣ ಬಂದುದರಿಂದ 2024ರ ಯುಗಾದಿ ಏಪ್ರಿಲ್ 9ಕ್ಕೆ ಮುಂದೆ ಹೋಯಿತು. ಅಧಿಕಮಾಸವಿಲ್ಲದ ರಂಜಾನ್ ಶಿರಾ ಸೀಮೆಯಲ್ಲಿ ಏಪ್ರಿಲ್ 11ಕ್ಕೆ ಹಿಂದೆ ಬಂದಿತು. 2025ರಲ್ಲಿ ಮಾರ್ಚ್ 30ರಂದು ಯುಗಾದಿ, ಮರುದಿನ 31ರಂದು ರಂಜಾನ್. ಇದು ಕೇವಲ ಆಕಸ್ಮಿಕವಲ್ಲ. ಎರಡೂ ಹಬ್ಬಗಳು ಅಮಾವಾಸ್ಯೆಯ ಬೆನ್ನಿಗೇ ಬರತಕ್ಕವು. ಒಂದು ಪಾಡ್ಯದ ತಿಥಿಯನ್ನು ಗಣಿತದಿಂದ ಹಿಡಿಯುತ್ತದೆ. ಇನ್ನೊಂದು ಎಳೆಯ ಚಂದ್ರನನ್ನು ಕಣ್ಣಿನಿಂದ ಕಾಣಬೇಕೆನ್ನುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಚಂದ್ರದರ್ಶನವೂ ಹಬ್ಬದ ಒಂದು ಅಂಗವಷ್ಟೆ. ಹೀಗಾಗಿ 2025ರ ಮಾರ್ಚ್ 30ರ ಸಂಜೆ ಪಡುವಣ ದಿಗಂತದಲ್ಲಿ ಒಂದು ಹಬ್ಬದ ಜನರು ಹೊಸವರ್ಷದ ಚಂದ್ರನೆಂದೂ ಮತ್ತೊಂದು ಹಬ್ಬದ ಜನರು ಉಪವಾಸ ಮುಗಿಸುವ ಚಂದ್ರನೆಂದೂ ಹುಡುಕಿದುದು ಒಂದೇ ಬಿದಿಗೆಯ ಗೆರೆಯನ್ನು. ಗಣನೆಗಳು ಬೇರೆಯಾದರೂ ಆಕಾಶ ಒಂದೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಂಥ ಹಬ್ಬಗಳನ್ನು ಸರ್ಕಾರದ ಆಜ್ಞೆಯಿಂದ ಬೇರೆ ದಿನಕ್ಕೆ ಸರಿಸಬಹುದೇ? ಏಷ್ಯದ ಪೂರ್ವದೇಶಗಳು ಈ ಪ್ರಯೋಗವನ್ನು ಮಾಡಿ ನೋಡಿವೆ. ಜಪಾನ್ 1873ರಿಂದ ಇಂಗ್ಲಿಷ್ ಕ್ಯಾಲೆಂಡರನ್ನು ಸ್ವೀಕರಿಸಿ, ಹೊಸವರ್ಷವನ್ನು ಜನವರಿ 1ಕ್ಕೆ ತಂದಿತು. ಹಳೆಯ ಮೂರನೆಯ ತಿಂಗಳ ಮೂರನೆಯ ದಿನದ ಪೀಚ್ ಹೂವಿನ ಹಬ್ಬ ಮಾರ್ಚ್ 3ಕ್ಕೆ ಬಂದುದರಿಂದ ಹೂವು ಅರಳುವ ಮೊದಲೇ ಹಬ್ಬ ಮುಗಿದುಹೋಗುವಂತಾಯಿತು. ಪಿತೃಗಳ ಸ್ಮರಣೆಯ ಓಬೋನ್ ಕೆಲವೆಡೆ ಜುಲೈ ನಡುವೆಯೂ ಹೆಚ್ಚಿನ ಕಡೆ ಆಗಸ್ಟ್ ನಡುವೆಯೂ ನಡೆಯುತ್ತದೆ. ದಕ್ಷಿಣ ಕೊರಿಯದಲ್ಲಿ ಬಹುಕಾಲ ಮನ್ನಣೆಯಿಲ್ಲದಿದ್ದ ಚಾಂದ್ರಮಾನ ಹೊಸವರ್ಷಕ್ಕೆ 1985ರಲ್ಲಿ ‘ಜಾನಪದ ದಿನ’ವೆಂಬ ಹೆಸರಿನಲ್ಲಿ ಒಂದು ದಿನದ ರಜೆ ದೊರೆಯಿತು, 1989ರಲ್ಲಿ ಸಲ್ಲಾಲ್ ಎಂಬ ಹಳೆಯ ಹೆಸರೇ ಮರಳಿ, ಮೂರು ದಿನಗಳ ರಜೆಯಾಯಿತು. ಚೀನಾ 1912ರಲ್ಲಿ ಹೊಸ ಕ್ಯಾಲೆಂಡರಿಗೆ ಬಂದರೂ ಮನೆಮನೆಯ ವಸಂತೋತ್ಸವ ಅಳಿಯಲಿಲ್ಲ. 2008ರಿಂದ ಅಲ್ಲಿ ಪಿತೃಸ್ಮರಣೆಯ ಛಿಂಗ್‌ಮಿಂಗ್ ಮೊದಲಾದ ಮೂರು ಹಳೆಯ ಹಬ್ಬಗಳು ಮತ್ತೆ ಸಾರ್ವಜನಿಕ ರಜೆಗಳಾದವು. ಭಾರತದಲ್ಲಿಯೂ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಶಾಸ್ತ್ರೀಯವಾಗಿ ಅದು ನಿರ್ದುಷ್ಟವಾದುದೇ. ಆದರೂ ಅದು ರಾಜ್ಯಪತ್ರದ ತಲೆಯಲ್ಲಿ ಉಳಿಯಿತೇ ಹೊರತು ಮನೆಗಳಿಗೆ ಇಳಿಯಲಿಲ್ಲ. ಮನೆಯಲ್ಲಿ ಯಾರಿಗೂ ಅದರಿಂದ ಮಾಡಬೇಕಾದ ಕೆಲಸವೇ ಇರಲಿಲ್ಲ.

ಹಾಗೆಂದು ರಾಷ್ಟ್ರದ ಭಾವನೆಗೂ ಊರಿನ ಹಬ್ಬಕ್ಕೂ ವಿರೋಧವಿದೆಯೆಂದು ತಿಳಿಯಬೇಕಾಗಿಲ್ಲ. ಈ ಸೀಮೆಗೆ ನೆರೆಯಾದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಜಾತ್ರೆಯ ದಿನಗಳಲ್ಲಿ, ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿ ಹಲವರು ಪ್ರಾಣ ತೆತ್ತರು. ದೇವರ ತೇರಿಗೆ ಬಂದ ಹಳ್ಳಿಗರೇ ದೇಶದ ಬಾವುಟಕ್ಕೂ ನಿಂತರು. 1947ರ ಆಗಸ್ಟ್ 15 ಬಂದಾಗಲೂ ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಇನ್ನೂ ದೊರೆತಿರಲಿಲ್ಲ. ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅದು ದೊರೆತುದು ಆ ವರ್ಷದ ಅಕ್ಟೋಬರಿನಲ್ಲಿ. ಶಾಲೆಯ ಅಂಗಳದಲ್ಲಿ ಬಾವುಟ ಏರಿಸುವ ದಿನ ಮಕ್ಕಳಿಗೆ ಈ ಕಥೆಯನ್ನು ಹೇಳಿದರೆ ಆ ದಿನಾಂಕ ಅವರ ಊರಿನದೇ ಆಗುತ್ತದೆ.

ತಿಥಿಯ ಹಬ್ಬವೊಂದು ನಾಡಿನ ಹಬ್ಬವಾಗಿ ಬೆಳೆದುದಕ್ಕೆ ಬಸವ ಜಯಂತಿಯೇ ಉತ್ತಮ ಉದಾಹರಣೆ. ವೈಶಾಖ ಶುದ್ಧ ತದಿಗೆಯ ಅಕ್ಷಯ ತೃತೀಯ ಮೊದಲಿನಿಂದಲೂ ಪಂಚಾಂಗದಲ್ಲಿದ್ದ ದಿನ. ಮಹಾರಾಷ್ಟ್ರದಲ್ಲಿ ತಿಲಕರು 1893ರಿಂದ ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪವನ್ನಿತ್ತ ಮೇಲೆ, ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡಗೂಡಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿದರು. ಅದು ಇಂದು ರಾಜ್ಯದ ಸಾರ್ವತ್ರಿಕ ರಜೆಯಾಗಿದೆ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಾರ, ತಿಥಿ, ನಕ್ಷತ್ರಗಳ ಶುಭಾಶುಭವನ್ನು ಶರಣರು ಒಪ್ಪಿದವರಲ್ಲ. ಆದ್ದರಿಂದ ಈ ತಿಥಿಯ ಹಿರಿಮೆ ಅದರ ಶುಭತ್ವದಲ್ಲಿಲ್ಲ. ಜನರು ಒಂದುಗೂಡಿ ಒಂದು ತತ್ತ್ವವನ್ನು ನೆನೆಯುವುದರಲ್ಲಿದೆ. 2025ರಲ್ಲಿ ಬಸವ ಜಯಂತಿ ಏಪ್ರಿಲ್ 30ರಂದು ಬಂದಿತು. ಮರುದಿನ ಮೇ 1, ಜಗತ್ತಿನ ಕಾರ್ಮಿಕರ ದಿನ. 1886ರಲ್ಲಿ ಎಂಟು ಗಂಟೆಯ ದುಡಿಮೆಗಾಗಿ ಅಮೆರಿಕದ ಶಿಕಾಗೋದಲ್ಲಿ ನಡೆದ ಹೋರಾಟದ ನೆನಪು ಅದು. ಕಾಯಕದ ಗೌರವವನ್ನು ಸಾರುವ ಎರಡು ದಿನಗಳು, ಒಂದು ತಿಥಿಯಿಂದ, ಒಂದು ದಿನಾಂಕದಿಂದ ಬಂದು, ಅಕ್ಕಪಕ್ಕದಲ್ಲಿ ನಿಂತಂತಾಯಿತು.

ಕಾಯಕದ ಮಾತು ಬಂದುದರಿಂದಲೇ ಹಬ್ಬಗಳ ಇಂದಿನ ಸಂಕಟವೂ ತಿಳಿಯಾಗುತ್ತದೆ. ಯುಗಾದಿಯ ಹೊನ್ನೇರಿಗೆ ಎತ್ತು ಬೇಕು. ಸಂಕ್ರಾಂತಿಯ ಕಿಚ್ಚು ಹಾಯಿಸಲು ದನಕರು ಬೇಕು. ಕಣದ ಪೂಜೆಗೆ ಕಣ ಬೇಕು. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಯಲ್ಲಿ ದನಗಳ ಪರಿಷೆ ಸೇರುವುದುಂಟು. ಆದರೆ ಉಳುಮೆಯನ್ನು ಟ್ರ್ಯಾಕ್ಟರ್ ವಹಿಸಿಕೊಂಡ ಮನೆಗಳಲ್ಲಿ ಹೊನ್ನೇರು ಮಾತಿನಲ್ಲಷ್ಟೇ ಉಳಿದಿದೆ. ಮಳೆ ನಂಬಿ ಕೆಟ್ಟ ವರ್ಷಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋದವರು ಜಾತ್ರೆಗೆ ಮಾತ್ರ ಊರಿಗೆ ಬರುತ್ತಾರೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲವನ್ನು ರೈತರು ಸೌರ ವಿದ್ಯುತ್ತಿಗಾಗಿ ಗುತ್ತಿಗೆ ಕೊಟ್ಟಿದ್ದಾರೆ. ಬರಗಾಲದ ನಾಡಿಗೆ ಆ ವರಮಾನ ಆಸರೆಯಾಗಿದೆಯೆಂಬುದು ನಿಜ. ಆದರೆ ಬಿತ್ತನೆಯಿಲ್ಲದ ಹೊಲಕ್ಕೆ ಆರಿದ್ರಾ ಮಳೆ ಬಂದರೇನು, ಬಾರದಿದ್ದರೇನು? ಮಳೆ ತಡೆದ ವರ್ಷ ಹುಣ್ಣಿಮೆಯವರೆಗಿನ ಬೆಳದಿಂಗಳಿನಲ್ಲಿ ನೆಲದ ಮೇಲೆ ಚಂದ್ರನನ್ನು ಬರೆದು ಪೂಜಿಸುವ ಈ ಭಾಗದ ಆಚರಣೆಗೆ ಅರ್ಥ ಬರುವುದು ಮಳೆಗಾಗಿ ಕಾಯುವವರಿದ್ದಾಗಲೇ.

ರಾಷ್ಟ್ರೀಯ ದಿನಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ಬೆಳಗ್ಗೆ ಬಾವುಟ, ಭಾಷಣ, ಸಿಹಿ, ಆಮೇಲೆ ರಜೆ. ದಿನಾಂಕ ತಪ್ಪದೆ ಬರುತ್ತದೆ. ಆದರೆ ನೆನಪು ತಾನಾಗಿ ಬರುವುದಿಲ್ಲ. ರಜೆಯನ್ನು ಸರ್ಕಾರ ಕೊಡಬಲ್ಲದು, ಹಬ್ಬವನ್ನು ಕೊಡಲಾರದು. ಹಬ್ಬವೆಂದರೆ ಮನೆಯ ಪ್ರತಿಯೊಬ್ಬರಿಗೂ ಆ ದಿನ ಒಂದು ಪಾಲಿನ ಕೆಲಸವಿರುವುದು: ಒಬ್ಬರು ತೋರಣ ಕಟ್ಟಬೇಕು, ಒಬ್ಬರು ಬೇವುಬೆಲ್ಲ ಹಂಚಬೇಕು, ಒಬ್ಬರು ನೆರೆಯವರನ್ನು ಕರೆತರಬೇಕು.

ಕಾಲಕ್ಕೆ ತಕ್ಕಂತೆ ಆ ಪಾಲು ಬದಲಾಗಬಹುದು. ಎತ್ತಿಲ್ಲದ ಮನೆಯಲ್ಲಿ ಯುಗಾದಿಯ ದಿನ ಕೆರೆಯ ಹೂಳು ತೆಗೆಯುವುದು ಹೊನ್ನೇರಿಗೆ ಸಮನಾದೀತು. ಬಸವ ಜಯಂತಿಯ ದಿನ ಊರಿನ ಕಾಯಕಜೀವಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸುವುದು ಮೆರವಣಿಗೆಗಿಂತ ಮಿಗಿಲಾದೀತು. ಆಗಸ್ಟ್ 15ರಂದು ವಿದುರಾಶ್ವತ್ಥಕ್ಕೆ ಮಕ್ಕಳನ್ನು ಕರೆದೊಯ್ಯುವುದು ಹತ್ತು ಭಾಷಣಗಳಿಗೆ ಮೇಲಾದೀತು. ತಿಥಿಯಾಗಲಿ ದಿನಾಂಕವಾಗಲಿ ಬಂದು ಹೋಗುವ ಕಾಲದ ಗುರುತು ಮಾತ್ರ. ಅದನ್ನು ಹಬ್ಬವಾಗಿಸುವುದು ಆ ದಿನ ಕೂಡಿ ಮಾಡಿದ ಕಾಯಕ, ಕೂಡಿ ಹಂಚಿಕೊಂಡ ದಾಸೋಹ.