ಮಗಳಿಗೆ ಯಾವ ಕಾಲೇಜು?

ಮಗಳು ಪಿಯುಸಿ ಪಾಸಾಗಿದ್ದಾಳೆ. ಸೈನ್ಸ್ ಓದಿದ್ದಾಳೆ. ಮುಂದೆ ಬಿ.ಎಸ್ಸಿ. ಓದ್ತೀನಿ ಅಂತಾಳೆ. ಬಿ.ಎಸ್ಸಿ. ಅಂದರೆ ವಿಜ್ಞಾನದ ಪದವಿ. ಯಾವ ಕಾಲೇಜಿಗೆ ಸೇರಿಸಬೇಕು? ಗೆಳತಿ ಸೇರಿದ ಕಾಲೇಜಿಗಾ? ದೊಡ್ಡ ಬೋರ್ಡು ಇರುವ ಕಾಲೇಜಿಗಾ?

ಮೊದಲು ವಿಷಯ ನೋಡಿ. ಆಮೇಲೆ ಕಾಲೇಜು ನೋಡಿ. ಬಿ.ಎಸ್ಸಿ.ಯಲ್ಲಿ ಸಾಮಾನ್ಯವಾಗಿ ಮೂರು ವಿಷಯಗಳ ಗುಂಪು ಇರುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದರೆ ಪಿ.ಸಿ.ಎಂ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಸೇರಿದರೆ ಸಿ.ಬಿ.ಜೆಡ್. ಬೇರೆ ಗುಂಪುಗಳೂ ಇವೆ. ಎಲ್ಲ ಕಾಲೇಜಿನಲ್ಲೂ ಎಲ್ಲ ಗುಂಪು ಸಿಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಮಗಳಿಗೆ ಹೈಸ್ಕೂಲು ಟೀಚರ್ ಆಗುವ ಆಸೆ ಇದೆ ಅನ್ನಿ. ಆ ಕೆಲಸಕ್ಕೆ ಅರ್ಜಿ ಕರೆಯುವಾಗ ಯಾವ ವಿಷಯ ಓದಿರಬೇಕು ಎಂದು ಸರ್ಕಾರ ಹೇಳುತ್ತದೆ. "ಸೀಟು ಇದೆ, ಸೇರಿಸಿಬಿಡಿ" ಅಂದರು ಅಂತ ಯಾವುದೋ ಗುಂಪಿಗೆ ಸೇರಿಸಿದರೆ, ಓದು ಮುಗಿದಾಗ ಆ ಬಾಗಿಲು ಮುಚ್ಚಿರಬಹುದು.

ಟೀಚರ್ ಆಗುವವರಿಗೆ ಇನ್ನೊಂದು ದಾರಿ ಇದೆ. ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಅಲ್ಲಿ ಬಿ.ಎಸ್ಸಿ., ಬಿ.ಎಡ್. ಎರಡೂ ಸೇರಿ ನಾಲ್ಕು ವರ್ಷ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು.

ಬರೀ ಬಿ.ಎಸ್ಸಿ. ಎಷ್ಟು ವರ್ಷ? 2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷ ಮಾಡಿತು. ಖಾಸಗಿ ವಿಶ್ವವಿದ್ಯಾಲಯ ಆದರೆ ಎಷ್ಟು ವರ್ಷ ಅಂತ ಕೇಳಿಕೊಳ್ಳಿ.

ಈಗ ಕಾಲೇಜಿಗೆ ಹೋಗಿ. ಆಫೀಸಿನಲ್ಲಿ ಕೂತು ಬರಬೇಡಿ. "ಲ್ಯಾಬ್ ತೋರಿಸಿ" ಎಂದು ಕೇಳಿ. ಲ್ಯಾಬ್ ಅಂದರೆ ಪ್ರಯೋಗಶಾಲೆ. ಅಡುಗೆ ಕಲಿಯುವುದು ಒಲೆ ಮುಂದೆ ತಾನೆ? ವಿಜ್ಞಾನವೂ ಹಾಗೇ. ನಲ್ಲಿ ತಿರುಗಿಸಿ, ನೀರು ಬರುತ್ತದಾ? ಮೈಕ್ರೋಸ್ಕೋಪ್ ಮೇಲೆ ಧೂಳು ಕೂತಿದೆಯಾ? ಒಂದು ಮೈಕ್ರೋಸ್ಕೋಪಿಗೆ ಎಷ್ಟು ಮಕ್ಕಳು? ಗಾಜಿನ ಸಾಮಾನೆಲ್ಲ ಬೀರುವಿನಲ್ಲಿ ಹೊಳೆಯುತ್ತಾ ಇದ್ದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಕಲೆ ಬಿದ್ದ ಮೇಜು, ಆಸಿಡ್ ತಾಗಿ ತೂತಾದ ಕೋಟು ಕಂಡರೆ ಅಲ್ಲಿ ಕೆಲಸ ನಡೆಯುತ್ತದೆ ಅಂತ ಅರ್ಥ. ಅಲ್ಲಿ ಓದುವ ಒಂದು ಹುಡುಗಿಯನ್ನು ಕೇಳಿ: "ಈ ವಾರ ಯಾವ ಪ್ರಯೋಗ ಮಾಡಿದೆಯಮ್ಮ?" ಅವಳು ತಡಬಡಿಸಿದರೆ ನಿಮಗೇ ಗೊತ್ತಾಗುತ್ತದೆ.

ಮೇಷ್ಟ್ರುಗಳ ಬಗ್ಗೆಯೂ ಕೇಳಿ. ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಬಹಳ ಇದ್ದಾರೆ. ಅವರಲ್ಲಿ ಚೆನ್ನಾಗಿ ಪಾಠ ಮಾಡುವವರು ಎಷ್ಟೋ ಮಂದಿ. ಆದರೆ ಅವರ ನೇಮಕ ತಡವಾದರೆ ಪಾಠವೂ ತಡವಾಗುತ್ತದೆ.

ಸರ್ಕಾರಿ ಅಂದರೆ ಕಡಿಮೆ ಅಂತ ಮೂಗು ಮುರಿಯಬೇಡಿ. ಮೈಸೂರಿನ ಯುವರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು ವಿಶ್ವವಿದ್ಯಾಲಯಗಳದ್ದೇ. ಹೆಸರಾದ ಹಳೆಯ ಕಾಲೇಜುಗಳು ಅವು.

ಕಾಲೇಜು ದೂರ ಅಂತ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ನಿಲ್ಲಿಸುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಲ್ಯಾಬ್ ಮುಗಿಯುವುದು ಸಂಜೆ. ಆಮೇಲೆ ಊರಿಗೆ ಬಸ್ಸು ಇದೆಯಾ, ಅದನ್ನು ನೋಡಿ. ಇಲ್ಲದಿದ್ದರೆ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕೇಳಿ. ಅದಕ್ಕೆ ಬೇರೆ ಅರ್ಜಿ. ಕೊನೆಯ ದಿನ ದಾಟಬಾರದು.

ಸೇರಿಸುವ ದಿನ ಅಸಲು ಅಂಕಪಟ್ಟಿ ಕೇಳುತ್ತಾರೆ. ನೋಡಿ ವಾಪಸ್ಸು ಕೊಡಬೇಕು. ಅಸಲು ಕಾಗದ ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ನಕಲು ಕೊಡಿ. ಹಣ ಕಟ್ಟಿದರೆ ರಸೀದಿ ಇಸ್ಕೊಳ್ಳಿ. ಅದರಲ್ಲಿ ಎಷ್ಟು ಬರೆದಿದ್ದಾರೆ, ಅಲ್ಲೇ ನಿಂತು ನೀವೇ ಓದಿ.