ಬಳಪದ ಕಲ್ಲಿನ ಊರಲ್ಲಿ ಗ್ರಾಫೀನ್ ಮಾತು

ಅರಸೀಕೆರೆಗೆ ಬಂದ ಮೊಮ್ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ದಾಗಲೆಲ್ಲ ನಾನು ಹೇಳುವುದುಂಟು: ಈ ಕುಸುರಿ ಕೆತ್ತನೆಗೆ ಶಿಲ್ಪಿಯ ಕೈಚಳಕದ ಜೊತೆಗೆ ಬಳಪದ ಕಲ್ಲೂ ಕಾರಣ. ಅದರಲ್ಲಿರುವ ಟಾಲ್ಕ್ ಖನಿಜ ಪದರ ಪದರವಾಗಿದೆ. ಪದರಗಳು ಸುಲಭವಾಗಿ ಜಾರುವುದರಿಂದ ಕಲ್ಲು ಮೆದು. ಪೆನ್ಸಿಲ್ಲಿನ ಗ್ರಾಫೈಟೂ ಹಾಗೆಯೇ, ಆದರೆ ಅದು ಬರೀ ಇಂಗಾಲ. 1 ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಪದರ! ಬ್ಯಾಂಕಿನಲ್ಲಿ ನೋಟು ಎಣಿಸಿದ ನನಗೂ ತಲೆ ತಿರುಗುವ ಲೆಕ್ಕ.

ಅಂಥ ಒಂದೇ ಪದರ, ಒಂದು ಪರಮಾಣುವಿನಷ್ಟು ದಪ್ಪ, ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅದನ್ನು ಬಿಡಿಸಿದ್ದು ಅಂಗಡಿಯಲ್ಲಿ ಸಿಗುವ ಅಂಟುಟೇಪಿನಿಂದ. 2010ರಲ್ಲಿ ನೊಬೆಲ್ ಬಂತು.

ಈಗ ನಮ್ಮ ಬೆಂಗಳೂರಿನ ಸುದ್ದಿ. ಲೋಹದಲ್ಲಿ ವಿದ್ಯುತ್ತು ಚೆನ್ನಾಗಿ ಹರಿದರೆ ಶಾಖವೂ ಚೆನ್ನಾಗಿ ಹರಿಯಬೇಕು; 1853ರಿಂದ ಇರುವ ನಿಯಮವಿದು. 2025ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ, ಜಪಾನಿನ ವಿಜ್ಞಾನಿಗಳೊಡನೆ, ಅತಿ ಶುದ್ಧ ಗ್ರಾಫೀನಿನಲ್ಲಿ ಇದನ್ನು ಪರೀಕ್ಷಿಸಿತು. ಅಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಿತು! ನಿಯಮ ತಪ್ಪಿದ್ದು 200 ಪಟ್ಟಿಗೂ ಹೆಚ್ಚು. ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಓಡದೆ ಒಟ್ಟಾಗಿ, ನೀರಿಗಿಂತ ಸುಮಾರು ನೂರು ಪಟ್ಟು ಸರಾಗವಾಗಿ ಹರಿದಿದ್ದವು. ತೀರ ಕ್ಷೀಣವಾದ ಕಾಂತಕ್ಷೇತ್ರವನ್ನೂ ಗುರುತಿಸುವ ಸಂವೇದಕಗಳಿಗೆ ಇದು ನೆರವಾದೀತು ಎನ್ನುತ್ತಾರೆ ಅವರು.